ಕಬ್ಬಿಣದ ಕಡಲೆಯೇ ಇಂಗ್ಲಿಷ್?

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿ, ಸಹ್ಯಾದ್ರಿಯು ಕರಾವಳಿಯ ಕಡೆಗೆ ಇಳಿಯತೊಡಗುವ ಅಂಚಿನಲ್ಲಿ, ನಿಲ್ಕುಂದವೆಂಬ ಹಳ್ಳಿಯಿದೆ. ತಗ್ಗಿನಲ್ಲಿ ಅಡಕೆಯ ತೋಟ, ಅದರ ಮೇಲ್ಗಡೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಬಹುಪಾಲು ಊರುಗಳ ರೂಪ ಇದೇ. ಇಂತಹ ಊರುಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ, ವಿಜ್ಞಾನದಲ್ಲಿ ಒಳ್ಳೆಯ ಅಂಕಗಳನ್ನು ಪಡೆದು, ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗ ಹುಡುಗಿಯರು ಮುಂದಿನ ಓದಿಗೆಂದು ಪೇಟೆಯ ಕಾಲೇಜನ್ನು ಸೇರುತ್ತಾರೆ. ಅಲ್ಲಿ ಪದವಿಪೂರ್ವ ತರಗತಿಯ ವಿಜ್ಞಾನದ ಪುಸ್ತಕಗಳು ಇಂಗ್ಲಿಷಿನಲ್ಲಿರುತ್ತವೆ. ನಿನ್ನೆಯವರೆಗೆ ‘ವೇಗೋತ್ಕರ್ಷ’ದ ಲೆಕ್ಕವನ್ನು ಲೀಲೆಯಿಂದ ಬಿಡಿಸುತ್ತಿದ್ದವರು ಇಂದು ‘ಆಕ್ಸಿಲರೇಶನ್’ ಎಂಬ ಮಾತಿನ ಮುಂದೆ ಮೂಕರಾಗಿ ನಿಲ್ಲುತ್ತಾರೆ. ಇಂಗ್ಲಿಷ್ ಕಬ್ಬಿಣದ ಕಡಲೆಯೆಂದು ನಿರಾಶರಾಗಿ, ವಿಜ್ಞಾನವೇ ತಮಗೆ ಒಗ್ಗದೆಂದು ಬಗೆದು, ಬೇರೆ ವಿಷಯದ ಕಡೆಗೆ ತಿರುಗುವವರೂ ಉಂಟು. ಭಾಷೆಯ ಕಾರಣದಿಂದ ವಿಜ್ಞಾನದ ಬಾಗಿಲು ಮುಚ್ಚಿಹೋಗುವುದು ಸಣ್ಣ ನಷ್ಟವಲ್ಲ.

ಈ ಸೋಲಿಗೆ ಕಾರಣವೇನು? ಬುದ್ಧಿಯ ಕೊರತೆಯೆನ್ನುವಂತಿಲ್ಲ, ಕನ್ನಡದಲ್ಲಿ ಅದೇ ವಿಜ್ಞಾನವನ್ನು ಅರಿತು ಬಂದವರೇ ಇವರು. ಇಂಗ್ಲಿಷಿನ ಪರಿಚಯವಿಲ್ಲವೆನ್ನುವಂತೆಯೂ ಇಲ್ಲ. ಕರ್ನಾಟಕದ ಕನ್ನಡ ಶಾಲೆಗಳಲ್ಲಿ ೨೦೦೭ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದರು. ಹತ್ತು ವರ್ಷ ಕಲಿತ ಭಾಷೆಯಲ್ಲಿ ಒಂದು ಪುಟವನ್ನು ಸರಾಗವಾಗಿ ಓದಲಾಗದಿದ್ದರೆ, ಅದರ ಮರ್ಮವನ್ನು ಶೋಧಿಸುವುದು ವಿಜ್ಞಾನದ ಕೆಲಸವೇ ಸರಿ. ಮನಸ್ಸು ಶಬ್ದಗಳನ್ನು ಹೇಗೆ ಹಿಡಿದಿಡುತ್ತದೆ, ಕಣ್ಣು ಹೇಗೆ ಓದುತ್ತದೆ, ಒಂದು ಭಾಷೆಯ ಅಭ್ಯಾಸವು ಇನ್ನೊಂದಕ್ಕೆ ಎಲ್ಲಿ ನೆರವಾಗುತ್ತದೆ, ಎಲ್ಲಿ ತೊಡಕಾಗುತ್ತದೆ ಎಂಬುದನ್ನು ವಿದ್ವಾಂಸರು ಸುಮಾರು ಒಂದೂವರೆ ಶತಮಾನದಿಂದ ಪರೀಕ್ಷಿಸುತ್ತ ಬಂದಿದ್ದಾರೆ.

ಮೊದಲು ಒಂದು ಸರಳ ಲೆಕ್ಕವನ್ನು ಮಾಡೋಣ. ದಿನಕ್ಕೆ ೪೦ ನಿಮಿಷದ ಒಂದು ಪಾಠದಂತೆ ವರ್ಷಕ್ಕೆ ೨೦೦ ದಿನ ಇಂಗ್ಲಿಷ್ ನಡೆಯುವುದೆಂದು ಭಾವಿಸಿದರೆ, ಒಟ್ಟು ಸುಮಾರು ೧೩೩ ಗಂಟೆಗಳಾಗುತ್ತವೆ. ಮನೆಯಲ್ಲಿ ದಿನಕ್ಕೆ ಐದು ಗಂಟೆ ತಾಯ್ನುಡಿಯನ್ನು ಕೇಳುವ ಮಗುವಿಗೆ ಅಷ್ಟು ಕೇಳ್ಮೆ ಒಂದು ತಿಂಗಳೊಳಗೇ ದೊರೆಯುತ್ತದೆ. ಅಂದರೆ ಶಾಲೆಯ ಒಂದು ವರ್ಷವು ಮನೆಯ ಒಂದು ತಿಂಗಳಿಗೆ ಸಮವಾಯಿತು. ಊರಿನಲ್ಲಾಗಲಿ ಮನೆಯಲ್ಲಾಗಲಿ ಇಂಗ್ಲಿಷ್ ಕಿವಿಗೆ ಬೀಳದಿರುವಾಗ, ಭಾಷೆಯ ಈ ಬರಗಾಲವನ್ನು ನೀಗುವ ದಾರಿ ಒಂದೇ: ಓದು. ಆದರೆ ಯಾವುದನ್ನು, ಎಷ್ಟು, ಹೇಗೆ ಓದಬೇಕೆಂಬುದನ್ನು ತಿಳಿದು ಓದಬೇಕು.

ಎಷ್ಟು ಶಬ್ದಗಳು ಬೇಕು?

ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಲಕ್ಷಗಟ್ಟಲೆ ಶಬ್ದಗಳಿವೆ. ಅವನ್ನು ಕಂಡು ಎದೆಗುಂದುವ ಕಾರಣವಿಲ್ಲ. ಎಲ್ಲ ಶಬ್ದಗಳೂ ಸಮನಾಗಿ ದುಡಿಯುವುದಿಲ್ಲ. ಬಂಗಾಳದ ಢಾಕಾದಲ್ಲಿ ಬಹುಕಾಲ ಶಿಕ್ಷಣ ಕ್ಷೇತ್ರದಲ್ಲಿ ದುಡಿದ ಮೈಕೇಲ್ ವೆಸ್ಟ್ ಎಂಬ ವಿದ್ವಾಂಸರು ೧೯೫೩ರಲ್ಲಿ ಸುಮಾರು ೨,೦೦೦ ಮುಖ್ಯ ಶಬ್ದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಈ ಶಬ್ದಗಳೂ ಅವುಗಳ ರೂಪಭೇದಗಳೂ ಸೇರಿದರೆ ಸಾಮಾನ್ಯ ಬರೆಹದ ಸುಮಾರು ೮೦ ಪಾಲು, ಅಂದರೆ ನೂರರಲ್ಲಿ ಎಂಬತ್ತು ಶಬ್ದಗಳು, ತಿಳಿದಂತಾಗುತ್ತವೆ. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ ಅವರು ೨೦೦೦ದಲ್ಲಿ ಕಾಲೇಜಿನ ಪುಸ್ತಕಗಳಲ್ಲಿ ಮತ್ತೆಮತ್ತೆ ಬರುವ ೫೭೦ ಶಬ್ದಕುಟುಂಬಗಳನ್ನು ಆರಿಸಿದರು. ‘ವಿಶ್ಲೇಷಿಸು’, ‘ಊಹಿಸು’, ‘ಪ್ರಮಾಣ’ ಮೊದಲಾದವುಗಳಿಗೆ ಇಂಗ್ಲಿಷಿನಲ್ಲಿ ಬಳಸುವಂತಹ ಮಾತುಗಳಿವು. ಪಠ್ಯಗ್ರಂಥಗಳಲ್ಲಿ ಇವುಗಳ ಪಾಲು ನೂರಕ್ಕೆ ಸುಮಾರು ಹತ್ತು. ಇವೆರಡೂ ಪಟ್ಟಿಗಳನ್ನು ಕೂಡಿಸಿದರೆ ೨,೫೭೦. ದಿನಕ್ಕೆ ಐದೇ ಶಬ್ದಗಳನ್ನು ಕಲಿತರೂ ೫೧೪ ದಿನಗಳಲ್ಲಿ ಅವು ಮುಗಿಯುತ್ತವೆ. ಒಂಬತ್ತನೆಯ ತರಗತಿಯ ಜೂನ್ ತಿಂಗಳಲ್ಲಿ ತೊಡಗಿದ ವಿದ್ಯಾರ್ಥಿಯು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮೊದಲೇ ಈ ಹೊರೆಯನ್ನು ಇಳಿಸಬಹುದು. ಉಳಿದ ಶಬ್ದಗಳಲ್ಲಿ ಹಲವು ಆಯಾ ಶಾಸ್ತ್ರದ ಪಾರಿಭಾಷಿಕ ಪದಗಳು. ಅವನ್ನು ಶಾಸ್ತ್ರದೊಡನೆಯೇ ಕಲಿಯಬೇಕು.

ಪಾರಿಭಾಷಿಕ ಪದಗಳೂ ಒಡೆದು ನೋಡಿದರೆ ಸುಲಭವಾಗುತ್ತವೆ. ‘ಬಳೆಗಾರ’, ‘ಮಾಲೆಗಾರ’ ಎಂಬಲ್ಲಿ ‘ಗಾರ’ ಎಂಬುದನ್ನೂ, ‘ಬಡತನ’, ‘ದೊಡ್ಡತನ’ ಎಂಬಲ್ಲಿ ‘ತನ’ ಎಂಬುದನ್ನೂ ಬಲ್ಲವರಿಗೆ ಈ ಉಪಾಯ ಹೊಸದಲ್ಲ. ಗ್ರೀಕ್ ಭಾಷೆಯಿಂದ ಬಂದ ‘ಟೆಲಿ’ ಎಂದರೆ ದೂರ, ‘ಮೈಕ್ರೋ’ ಎಂದರೆ ಸಣ್ಣದು, ‘ಸ್ಕೋಪ್’ ಎಂಬುದು ನೋಡುವುದಕ್ಕೆ ಸಂಬಂಧಿಸಿದ್ದು, ‘ಥರ್ಮೋ’ ಶಾಖಕ್ಕೆ, ‘ಮೀಟರ್’ ಅಳತೆಗೆ, ‘ಫೋಟೋ’ ಬೆಳಕಿಗೆ. ಇಂತಹ ಇಪ್ಪತ್ತು ತುಂಡುಗಳನ್ನು ಅರಿತವರು ನೂರಾರು ಪದಗಳ ಅರ್ಥವನ್ನು ತಾವೇ ಊಹಿಸಬಲ್ಲರು.

ನಮ್ಮ ತೋಟದಲ್ಲಿಯೂ ಇಂಗ್ಲಿಷ್ ಶಬ್ದಗಳು ಬೆಳೆದು ನಿಂತಿವೆಯೆಂದರೆ ಸೋಜಿಗವೆನಿಸಬಹುದು. ಅಡಕೆಗೆ ಇಂಗ್ಲಿಷರು ಹೇಳುವ ‘ಅರೆಕಾ’ ಎಂಬ ಹೆಸರು ಮಲಯಾಳದ ‘ಅಡಯ್ಕ’ದಿಂದ ಪೋರ್ತುಗೀಜರ ಮೂಲಕ ಹೋದದ್ದು, ಅದು ನಮ್ಮ ‘ಅಡಕೆ’ಯ ಒಡಹುಟ್ಟು. ತೇಗದ ‘ಟೀಕ್’, ಮಾವಿನ ‘ಮ್ಯಾಂಗೋ’, ಹಲಸಿನ ‘ಜಾಕ್’, ವೀಳ್ಯದೆಲೆಯ ‘ಬೀಟಲ್’ ಇವೂ ಪಡುಗಡಲ ತೀರದ ದ್ರಾವಿಡ ನುಡಿಗಳಿಂದಲೇ ಪೋರ್ತುಗೀಜರ ಹಡಗನ್ನೇರಿದವು. ಕರಿಮೆಣಸಿನ ‘ಪೆಪ್ಪರ್’ ಇನ್ನೂ ಹಳೆಯದು. ಸಂಸ್ಕೃತದ ‘ಪಿಪ್ಪಲಿ’ಯು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಹಾಯ್ದು ಆ ರೂಪವನ್ನು ತಾಳಿತು. ನಾವು ‘ಹಿಪ್ಪಲಿ’ ಎನ್ನುವುದೂ ಅದೇ ಶಬ್ದವನ್ನು. ಹೀಗೆ ಶಬ್ದಕ್ಕೊಂದು ಚರಿತ್ರೆಯನ್ನು ಕಟ್ಟಿಕೊಟ್ಟರೆ ಅದು ನೆನಪಿನಲ್ಲಿ ಬೇರು ಬಿಡುತ್ತದೆ.

ಮರೆವನ್ನು ಗೆಲ್ಲುವ ಬಗೆ

ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿಯು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂಬುದನ್ನು ಅಳೆದು ೧೮೮೫ರಲ್ಲಿ ಪ್ರಕಟಿಸಿದನು. ಕಲಿತ ಶ್ರಮದ ಫಲದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಗಂಟೆಯಲ್ಲಿಯೇ ಸೋರಿಹೋಗುತ್ತದೆ. ಒಂದು ದಿನದಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಹೋಗುತ್ತದೆ. ಆಮೇಲೆ ಸೋರಿಕೆ ನಿಧಾನವಾಗುತ್ತದೆ. ಒಂದೇ ರಾತ್ರಿ ಐವತ್ತು ಶಬ್ದಗಳನ್ನು ಉರುಹೊಡೆಯುವ ವಿದ್ಯಾರ್ಥಿಯು ತೂತಿನ ಕೊಡದಲ್ಲಿ ನೀರು ತುಂಬುತ್ತಿರುವನೆಂದೇ ತಿಳಿಯಬೇಕು. ಅದೇ ಶಬ್ದಗಳನ್ನು ಒಂದು ದಿನ, ಮೂರು ದಿನ, ಒಂದು ವಾರ, ಒಂದು ತಿಂಗಳು ಹೀಗೆ ಬಿಡುವು ಕೊಟ್ಟು ನೆನೆಸಿಕೊಂಡರೆ ಪ್ರತಿಸಲವೂ ಮರೆವು ಹಿಂದಕ್ಕೆ ಸರಿಯುತ್ತದೆ.

ಇಲ್ಲಿ ‘ನೆನೆಸಿಕೊಳ್ಳುವುದು’ ಎಂಬ ಮಾತು ಮುಖ್ಯವಾದುದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು ೨೦೦೬ರಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ಪಾಠವನ್ನು ಮತ್ತೆಮತ್ತೆ ಓದಿದವರಿಗಿಂತ ಪುಸ್ತಕವನ್ನು ಮುಚ್ಚಿ ನೆನಪಿನಿಂದ ಬರೆದವರಿಗೆ ಒಂದು ವಾರದ ಬಳಿಕ ಹೆಚ್ಚು ಉಳಿದಿತ್ತು. ಇದನ್ನು ಮನೆಯಲ್ಲಿಯೇ ಆಚರಿಸಬಹುದು. ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳನ್ನು ಸಣ್ಣ ಚೀಟಿಗಳಾಗಿ ಕತ್ತರಿಸಿ, ಒಂದು ಮಗ್ಗುಲಿಗೆ ಇಂಗ್ಲಿಷ್ ಶಬ್ದವನ್ನೂ ಇನ್ನೊಂದು ಮಗ್ಗುಲಿಗೆ ಕನ್ನಡದ ಅರ್ಥವನ್ನೂ ಅದನ್ನು ಬಳಸಿದ ವಾಕ್ಯವನ್ನೂ ಬರೆಯಬೇಕು. ಪೆಟ್ಟಿಗೆಯಲ್ಲಿ ಐದು ಮನೆಗಳನ್ನು ಮಾಡಿಕೊಳ್ಳಬೇಕು. ಹೊಸ ಚೀಟಿಯು ಮೊದಲನೆಯ ಮನೆಯಲ್ಲಿದ್ದು ದಿನವೂ ಕೈಗೆ ಬರುತ್ತದೆ. ನೆನಪಾದರೆ ಮುಂದಿನ ಮನೆಗೆ ಬಡ್ತಿ. ಮರೆತರೆ ಪುನಃ ಮೊದಲಿನದಕ್ಕೆ. ಮನೆ ಹಿಂದೆ ಹಿಂದೆ ಹೋದಂತೆ ಚೀಟಿಯನ್ನು ನೋಡುವ ದಿನಗಳ ಅಂತರ ಹೆಚ್ಚುತ್ತದೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ೧೯೭೨ರಲ್ಲಿ ಪ್ರಚಾರಕ್ಕೆ ತಂದ ಈ ಪದ್ಧತಿಯನ್ನು ಇಂದು ಕೈಯ ಮೊಬೈಲುಗಳೂ ಅನುಸರಿಸುತ್ತವೆ. ಆದರೆ ಲಗ್ನಪತ್ರಿಕೆಗೆ ವಿದ್ಯುತ್ತು ಬೇಡ.

ಕನ್ನಡಿಯಲ್ಲಿ ಕಂಡ ವಾಕ್ಯ

ವ್ಯಾಕರಣದಲ್ಲಿ ಯಾವುದು ಕಷ್ಟ, ಯಾವುದು ಸುಲಭ ಎಂಬುದನ್ನು ಬಹುಮಟ್ಟಿಗೆ ನಮ್ಮ ತಾಯ್ನುಡಿಯೇ ಗೊತ್ತುಮಾಡುತ್ತದೆ. ಚೀನೀ ಭಾಷೆಯನ್ನಾಡುವ ಬಾಲಕನನ್ನು ನೋಡೋಣ. ಅವನ ನುಡಿಯಲ್ಲಿ ಕಾಲಕ್ಕಾಗಲಿ ಪುರುಷಕ್ಕಾಗಲಿ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ಆದುದರಿಂದ ಇಂಗ್ಲಿಷ್ ಕ್ರಿಯಾರೂಪಗಳು ಅವನನ್ನು ಕಾಡುತ್ತವೆ. ಆದರೆ ಕರ್ತೃ, ಕ್ರಿಯೆ, ಕರ್ಮ ಎಂಬ ಇಂಗ್ಲಿಷಿನ ಕ್ರಮವು ಅವನ ಭಾಷೆಯಲ್ಲಿಯೂ ಇರುವುದರಿಂದ ಅದು ಅವನಿಗೆ ಸಹಜ. ನಮ್ಮ ಪಾಡು ಇದಕ್ಕೆ ತಿರುಗುಮುರುಗು. ‘ಬಂದೆನು, ಬಂದೆವು, ಬಂದಳು’ ಎಂದು ಕ್ರಿಯಾಪದವನ್ನು ಬಗೆಬಗೆಯಾಗಿ ತಿರುಗಿಸಿ ರೂಢಿಯಿರುವ ನಮಗೆ ರೂಪಭೇದವೆಂಬ ಕಲ್ಪನೆ ಹೊಸದಲ್ಲ. ನಾವು ಎಡವುವುದು ಪದಗಳ ಕ್ರಮದಲ್ಲಿ.

‘ನಾನು ನಿನ್ನೆ ಶಿರಸಿಯಲ್ಲಿ ಕೊಂಡ ಪುಸ್ತಕ’ ಎಂದು ನಾವು ಹೇಳುವಲ್ಲಿ ಇಂಗ್ಲಿಷರು ‘ಪುಸ್ತಕ’ದಿಂದ ತೊಡಗಿ, ‘ಕೊಂಡ’ದ್ದನ್ನು ಅನಂತರ ಹೇಳಿ, ಊರನ್ನೂ ದಿನವನ್ನೂ ಕೊನೆಗೆ ತರುತ್ತಾರೆ. ಕನ್ನಡದ ವಾಕ್ಯವನ್ನು ಕನ್ನಡಿಯಲ್ಲಿ ಹಿಡಿದಂತೆ ಇಂಗ್ಲಿಷ್ ವಾಕ್ಯವು ಕಾಣುತ್ತದೆ. ನಮ್ಮಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬೀಗ ಹಾಕಿದಂತೆ ಕುಳಿತರೆ, ಅವರಲ್ಲಿ ಅದು ನಡುವೆ ತೊಲೆಯಂತೆ ನಿಲ್ಲುತ್ತದೆ. ಆದುದರಿಂದ ಉದ್ದವಾದ ಇಂಗ್ಲಿಷ್ ವಾಕ್ಯವು ಎದುರಾದಾಗ ಮೊತ್ತಮೊದಲು ಮುಖ್ಯ ಕ್ರಿಯಾಪದವನ್ನು ಹುಡುಕಬೇಕು. ಅದರ ಹಿಂದಿರುವ ಕರ್ತೃವನ್ನೂ ಮುಂದಿರುವ ಕರ್ಮವನ್ನೂ ಗುರುತಿಸಿದರೆ ಉಳಿದುದೆಲ್ಲವೂ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಪದಕ್ರಮದ ಬೆಲೆಯನ್ನು ತೋಟದ ಕೆಲಸದಿಂದಲೇ ತಿಳಿಯಬಹುದು. ಅಡಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಮಾಡುವಾಗ, ಕರಗಿಸಿದ ಮೈಲುತುತ್ತವನ್ನು ಸುಣ್ಣದ ತಿಳಿಯೊಳಗೆ ಸುರಿಯಬೇಕೆಂಬುದು ರೂಢಿಯ ನಿಯಮ. ‘ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿ’ ಎಂದರೂ ‘ಸುಣ್ಣದ ನೀರಿಗೆ ತುತ್ತದ ನೀರನ್ನು ಸುರಿ’ ಎಂದರೂ ಕನ್ನಡದಲ್ಲಿ ಅರ್ಥ ಒಂದೇ. ‘ಅನ್ನು’, ‘ಗೆ’ ಎಂಬ ವಿಭಕ್ತಿಪ್ರತ್ಯಯಗಳು ಅರ್ಥವನ್ನು ಕಾಯುತ್ತವೆ. ಇಂಗ್ಲಿಷಿನ ನಾಮಪದಗಳಿಗೆ ಇಂತಹ ಪ್ರತ್ಯಯಗಳಿಲ್ಲ. ಸ್ಥಾನವೂ ‘ಇನ್‌ಟು’ ಎಂಬ ಪುಟ್ಟ ಮಾತೂ ಅಲ್ಲಿ ಆ ಕೆಲಸವನ್ನು ಮಾಡುತ್ತವೆ. ಎರಡು ನಾಮಪದಗಳ ಸ್ಥಾನ ಅದಲುಬದಲಾದರೆ ಸುರಿಯುವುದೂ ಅದಲುಬದಲು.

‘ಎ’ ಮತ್ತು ‘ದ’ ಎಂಬ ಉಪಪದಗಳು ನಮ್ಮ ವಿದ್ಯಾರ್ಥಿಗಳಿಗೆ ದೊಡ್ಡ ತಲೆನೋವು. ಆದರೆ ಅವುಗಳ ಹಿಂದಿರುವ ಕಲ್ಪನೆಯನ್ನು ನಾವು ಅಜ್ಜಿಯ ಕಥೆಯಲ್ಲಿಯೇ ಕಲಿತಿದ್ದೇವೆ. ‘ಒಂದು ಊರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಮೂವರು ಮಕ್ಕಳು.’ ಮೊದಲ ಸಲ ಬಂದಾಗ ‘ಒಬ್ಬ’, ಪರಿಚಯವಾದ ಮೇಲೆ ‘ಆ’. ‘ಪುಸ್ತಕ ತಂದ’ ಎಂದರೆ ಯಾವುದೋ ಪುಸ್ತಕ, ‘ಪುಸ್ತಕವನ್ನು ತಂದ’ ಎಂದರೆ ಗೊತ್ತಿರುವ ಪುಸ್ತಕ ಎಂಬ ಸೂಕ್ಷ್ಮವೂ ನಮ್ಮ ನಾಲಗೆಗೆ ತಿಳಿದಿದೆ. ಈ ಅರಿವನ್ನು ಇಂಗ್ಲಿಷಿನಲ್ಲಿ ಬೇರೊಂದು ಗುರುತಿನಿಂದ ಸೂಚಿಸುತ್ತಾರೆ, ಅಷ್ಟೇ.

ನಿಲ್ಕುಂದದ ಸುತ್ತಿನ ಹಲವು ಮನೆಗಳಲ್ಲಿ ಆಡುವ ಹವ್ಯಕ ಕನ್ನಡವು ಇನ್ನೊಂದು ಹೆಜ್ಜೆ ಮುಂದಿದೆ. ಅದರಲ್ಲಿ ಕೇಳುವವನನ್ನೂ ಸೇರಿಸಿಕೊಂಡ ‘ನಾವು’ ಬೇರೆ, ಅವನನ್ನು ಬಿಟ್ಟು ಹೇಳುವ ‘ಎಂಗೊ’ ಬೇರೆ. ಈ ಎರಡನೆಯದರ ಉಚ್ಚಾರವು ಊರಿನಿಂದ ಊರಿಗೆ ತುಸು ಬದಲಾಗುತ್ತದೆ. ಶಾಲೆಯ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಈ ಭೇದವಿಲ್ಲ. ಯಲ್ಲಾಪುರದ ಕಾಡಿನ ನಡುವಿನ ಸಿದ್ದಿಯರ ಮನೆಗಳಲ್ಲಿ ಬಹುಮಟ್ಟಿಗೆ ಕೊಂಕಣಿಯನ್ನಾಡುತ್ತಾರೆ. ಅಲ್ಲಿನ ಮಕ್ಕಳು ಶಾಲೆಗೆ ಬಂದು ಕನ್ನಡವನ್ನು ಕಲಿಯುತ್ತಾರೆ. ಹೀಗೆ ಮನೆಗೊಂದು, ಶಾಲೆಗೊಂದು ನುಡಿಯನ್ನು ತಪ್ಪಿಲ್ಲದೆ ನಡೆಸುತ್ತಿರುವ ಮಕ್ಕಳಿಗೆ ಭಾಷೆ ಕಲಿಯುವ ಶಕ್ತಿಯಿಲ್ಲವೆಂದು ಯಾರು ಹೇಳಬಲ್ಲರು?

ಕಾಗುಣಿತದ ವಿಷಯದಲ್ಲಿ ಮಾತ್ರ ದೂರನ್ನು ಒಪ್ಪಬೇಕಾಗುತ್ತದೆ. ಬರೆದಂತೆ ಓದುವ ಕನ್ನಡ ಲಿಪಿಗೆ ಒಗ್ಗಿದವರಿಗೆ ‘ಓ, ಯು, ಜಿ, ಎಚ್’ ಎಂಬ ನಾಲ್ಕೇ ಅಕ್ಷರಗಳು ‘ಟಫ್’ ಎಂಬಲ್ಲಿ ಒಂದು ಬಗೆ, ‘ಥ್ರೂ’ ಎಂಬಲ್ಲಿ ಇನ್ನೊಂದು ಬಗೆ ನುಡಿಯುವುದು ಅನ್ಯಾಯವೆನಿಸುತ್ತದೆ. ಇದಕ್ಕೆ ಚರಿತ್ರೆಯೇ ಕಾರಣ. ಕ್ಯಾಕ್ಸ್ಟನ್ ೧೪೭೬ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರವನ್ನು ತಂದ ಮೇಲೆ ಬರೆಹದ ರೂಪ ಗಟ್ಟಿಯಾಗತೊಡಗಿತು. ಅದೇ ಶತಮಾನಗಳಲ್ಲಿ ದೀರ್ಘಸ್ವರಗಳ ಉಚ್ಚಾರವು ಪೂರ್ತಿ ಬದಲಾಯಿತು. ಮಾತು ಮುಂದೆ ಹೋಯಿತು, ಅಕ್ಷರ ಹಿಂದೆ ಉಳಿಯಿತು. ಆದುದರಿಂದ ಇಂಗ್ಲಿಷ್ ಶಬ್ದದ ರೂಪವನ್ನು ಕಣ್ಣಿನಿಂದಲೂ ಉಚ್ಚಾರವನ್ನು ಕಿವಿಯಿಂದಲೂ ಜೊತೆಜೊತೆಗೆ ಕಲಿಯುವುದೇ ಲೇಸು.

ಓದುವ ಕಣ್ಣು

ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದು ವಿಷಯಕ್ಕೆ ವಿದ್ವಾಂಸರ ಗಮನವನ್ನು ಸೆಳೆದನು. ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ. ಕುಪ್ಪಳಿಸುತ್ತ, ನಿಲ್ಲುತ್ತ ಹೋಗುತ್ತದೆ. ಪ್ರತಿಯೊಂದು ನಿಲುಗಡೆಯೂ ಸುಮಾರು ಕಾಲು ಸೆಕೆಂಡು. ಪರಿಚಿತವಾದ ಶಬ್ದದ ಮೇಲೆ ಕಣ್ಣು ಬೇಗ ಹಾಯುತ್ತದೆ. ಅಪರಿಚಿತವಾದರೆ ನಿಂತು, ಹಿಂದಿರುಗಿ ನೋಡುತ್ತದೆ. ಹೀಗೆ ಹಿಂದುಮುಂದಾಗುವಷ್ಟರಲ್ಲಿ ವಾಕ್ಯದ ತಲೆಯೇ ಮನಸ್ಸಿನಿಂದ ಜಾರಿಹೋಗುತ್ತದೆ.

ಹಾಗಾದರೆ ಪುಸ್ತಕ ಎಷ್ಟು ಸುಲಭವಾಗಿರಬೇಕು? ನೆರವಿಲ್ಲದೆ ಸುಖವಾಗಿ ಓದಬೇಕಾದರೆ ನೂರಕ್ಕೆ ೯೮ ಶಬ್ದಗಳು ತಿಳಿದಿರಬೇಕೆಂದು ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಅವರ ಸಂಗಡಿಗರ ಸಂಶೋಧನೆಗಳು ತಿಳಿಸಿವೆ. ೩೦೦ ಶಬ್ದಗಳ ಪುಟದಲ್ಲಿ ಆರು ಶಬ್ದಗಳು ತಿಳಿಯದಿದ್ದರೆ ತೊಂದರೆಯಿಲ್ಲ. ಮೂವತ್ತು ತಿಳಿಯದಿದ್ದರೆ ಅದು ಓದಲ್ಲ, ನಿಘಂಟಿನ ಕೂಲಿ. ಕಾಲೇಜಿನ ವಿದ್ಯಾರ್ಥಿಯು ಮಕ್ಕಳ ಕಥೆಯಿಂದ ತೊಡಗಿದರೆ ನಾಚಿಕೆಪಡಬೇಕಾದುದಿಲ್ಲ. ಅಳತೆಗೆ ತಕ್ಕ ಪುಸ್ತಕವೇ ಒಳ್ಳೆಯ ಪುಸ್ತಕ.

ಇದಕ್ಕೆ ದೂರದ ಫಿಜಿ ದ್ವೀಪಗಳಿಂದ ಒಂದು ಸಾಕ್ಷ್ಯವಿದೆ. ಅಲ್ಲಿಯ ಹಳ್ಳಿಯ ಮಕ್ಕಳಿಗೂ ಇಂಗ್ಲಿಷ್ ಪರಭಾಷೆ. ಎಲಿ ಮತ್ತು ಮಂಗೂಭಾಯಿ ಎಂಬ ಸಂಶೋಧಕರು ಕೆಲವು ಶಾಲೆಗಳ ತರಗತಿಗಳಿಗೆ ೨೫೦ರಷ್ಟು ಚಿತ್ತಾಕರ್ಷಕ ಕಥೆಪುಸ್ತಕಗಳನ್ನು ಒದಗಿಸಿ, ದಿನವೂ ಓದುವ ಏರ್ಪಾಡು ಮಾಡಿದರು. ೧೯೮೩ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಓದುವುದರಲ್ಲಿಯೂ ಕೇಳಿ ತಿಳಿಯುವುದರಲ್ಲಿಯೂ ಆ ಮಕ್ಕಳ ಪ್ರಗತಿಯು ಸಾಮಾನ್ಯ ವೇಗದ ಸುಮಾರು ಎರಡರಷ್ಟಾಗಿತ್ತು.

ಬೆಂಗಳೂರಿನ ಪ್ರಯೋಗ

ನಮ್ಮ ನಾಡಿನಲ್ಲಿಯೇ ನಡೆದ ಇನ್ನೊಂದು ಪ್ರಯೋಗವು ಜಗತ್ತಿನ ಭಾಷಾಶಿಕ್ಷಕರ ಗಮನವನ್ನು ಸೆಳೆಯಿತು. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗಾಗಿ ಬೆಂಗಳೂರಿನಲ್ಲಿ ೧೯೬೩ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಸ್ಥಾಪನೆಯಾಗಿತ್ತು. ಅದರ ಸಹಕಾರದಿಂದ ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಸಾಮಾನ್ಯ ಶಾಲೆಗಳಲ್ಲಿ ಹೊಸ ಬಗೆಯ ಪಾಠವನ್ನು ನಡೆಸಿದರು. ವ್ಯಾಕರಣದ ಸೂತ್ರಗಳನ್ನು ಬದಿಗಿಟ್ಟು, ಮಕ್ಕಳ ಮುಂದೆ ರೈಲ್ವೆ ವೇಳಾಪಟ್ಟಿ, ಊರಿನ ನಕ್ಷೆ ಇಂತಹವನ್ನ ಇಟ್ಟು ಇಂಗ್ಲಿಷಿನಲ್ಲಿಯೇ ಪ್ರಶ್ನೆಗಳನ್ನು ಕೇಳಿದರು. ಮನಸ್ಸು ಸಮಸ್ಯೆಯ ಅರ್ಥದಲ್ಲಿ ತೊಡಗಿರುವಾಗ ಭಾಷೆಯ ರಚನೆಯು ಅರಿವಿಲ್ಲದೆಯೇ ಒಳಗಿಳಿಯುತ್ತದೆಂಬುದು ಅವರ ವಾದ. ೧೯೮೭ರಲ್ಲಿ ಅವರು ಈ ಕುರಿತು ಬರೆದ ಗ್ರಂಥವು ಭಾಷಾಬೋಧನೆಯ ಚರ್ಚೆಗಳಲ್ಲಿ ಮುಖ್ಯ ಸ್ಥಾನವನ್ನು ಪಡೆಯಿತು.

ಈ ರೀತಿಯ ಪಾಠಕ್ಕೆ ನಿಲ್ಕುಂದದಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಮೇಲೆ ಹೇಳಿದ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳೋಣ. ಶೇಕಡ ಒಂದರ ದ್ರಾವಣಕ್ಕೆ ೧೦೦ ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ. ಇದನ್ನು ತಯಾರಿಸುವ ಕ್ರಮವನ್ನು ಇಂಗ್ಲಿಷಿನಲ್ಲಿ ಓದಿ, ೨೦೦ ಲೀಟರಿನ ಪೀಪಾಯಿಗೆ ಎಷ್ಟೆಷ್ಟು ಬೇಕು, ಯಾವುದನ್ನು ಯಾವುದಕ್ಕೆ ಸುರಿಯಬೇಕು, ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನೇನನ್ನು ಸೇರಿಸಬೇಕು ಎಂದು ಉತ್ತರಿಸುವುದು ಒಂದು ಸೊಗಸಾದ ಅಭ್ಯಾಸ. ಕೊನೆಯ ಪ್ರಶ್ನೆಗೆ ಉತ್ತರ ‘ಸುಣ್ಣ’. ಇಷ್ಟನ್ನು ಓದಿ ತಿಳಿದ ವಿದ್ಯಾರ್ಥಿಗೆ ಭಾಷೆಯೂ ರಸಾಯನವೂ ಒಟ್ಟಿಗೆ ಕೈವಶವಾಗುತ್ತವೆ.

ಎರಡು ಪುಸ್ತಕಗಳು

ಕೊನೆಯದಾಗಿ ಎಲ್ಲಕ್ಕಿಂತ ಸುಲಭವಾದ ಸಾಧನವೊಂದನ್ನು ಹೇಳಬೇಕಾಗಿದೆ. ಒಂದು ಭಾಷೆಯಲ್ಲಿ ಗಳಿಸಿದ ಓದಿನ ಶಕ್ತಿಯೂ ವಿಷಯಜ್ಞಾನವೂ ಇನ್ನೊಂದು ಭಾಷೆಗೆ ಒದಗಿಬರುತ್ತವೆಂದು ಕೆನಡಾದ ಜಿಮ್ ಕಮಿನ್ಸ್ ೧೯೭೯ರಲ್ಲಿ ಪ್ರತಿಪಾದಿಸಿದರು. ಅರ್ಥವಾಗದ ಭಾಷೆಯಲ್ಲಿ ಅರ್ಥವಾಗದ ವಿಷಯವನ್ನು ಓದಿದರೆ ಎರಡು ಹೊರೆ. ತಿಳಿದ ವಿಷಯವನ್ನು ಓದಿದರೆ ಒಂದೇ ಹೊರೆ. ಕರ್ನಾಟಕದ ಶಾಲೆಗಳಿಗೆ ಸರಕಾರವು ಒದಗಿಸುವ ವಿಜ್ಞಾನದ ಪಠ್ಯಪುಸ್ತಕವು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಚ್ಚಾಗುತ್ತದೆ. ಅಧ್ಯಾಯಗಳೂ ಚಿತ್ರಗಳೂ ಅವೇ. ಕನ್ನಡದಲ್ಲಿ ಕಲಿತು ಮುಗಿಸಿದ ಅಧ್ಯಾಯವನ್ನು ಅದೇ ವಾರ ಇಂಗ್ಲಿಷ್ ಪುಸ್ತಕದಲ್ಲಿ ಓದಬೇಕು. ‘ವೇಗೋತ್ಕರ್ಷ’ವೇನೆಂದು ಬಲ್ಲವರಿಗೆ ‘ಆಕ್ಸಿಲರೇಶನ್’ ಎಂಬುದು ಹಳೆಯ ಸ್ನೇಹಿತನ ಇನ್ನೊಂದು ಹೆಸರಾಗಿ ಕಾಣುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನೆಂಟರ ಮಕ್ಕಳ ಹಳೆಯ ಪುಸ್ತಕವಿದ್ದರೂ ಈ ಕೆಲಸಕ್ಕೆ ಸಾಕು.

ದಿನಕ್ಕೆ ಅರ್ಧ ಗಂಟೆ ಸುಲಭವಾದ ಕಥೆ, ಹತ್ತು ನಿಮಿಷ ಚೀಟಿಗಳ ಪೆಟ್ಟಿಗೆ, ವಾರಕ್ಕೊಂದು ವಿಜ್ಞಾನದ ಅಧ್ಯಾಯ—ಇಷ್ಟನ್ನು ಎರಡು ಮಳೆಗಾಲ ಬಿಡದೆ ನಡೆಸಿದವರು ಕಾಲೇಜಿನ ಮೊದಲ ಪಾಠಕ್ಕೆ ಅಂಜಬೇಕಾಗಿಲ್ಲ. ಕನ್ನಡವನ್ನು ಚೆನ್ನಾಗಿ ಓದಬಲ್ಲವರು ಇಂಗ್ಲಿಷ್ ಓದಿನ ಅರ್ಧ ದಾರಿಯನ್ನು ಆಗಲೇ ನಡೆದಿದ್ದಾರೆ. ಉಳಿದರ್ಧವನ್ನು ಅವರು ದಿನಕ್ಕೆ ಐದು ಶಬ್ದಗಳಂತೆ ನಡೆಯಲಿ.